ಏಳು ದಿನ ತಡವಾದ ಮೊಟ್ಟೆಗಳು

ಬೆಳಗ್ಗೆ ದೇವರಿಗೆ ದೀಪ ಹಚ್ಚಿ, ಹಿತ್ತಲಿನ ಕೋಳಿಗಳಿಗೆ ಒಂದು ಹಿಡಿ ರಾಗಿ ಎರಚಿದ ಮೇಲೆಯೇ ಚಿಕ್ಕಮುನಿಯಮ್ಮ ಕಾಫಿ ಕುಡಿಯುವುದು. ಗಂಡ ತೀರಿಕೊಂಡು ದೀಪ ಹಚ್ಚದೆ ಇದ್ದ ಹನ್ನೊಂದು ದಿನಗಳಲ್ಲೂ ರಾಗಿ ತಪ್ಪಿರಲಿಲ್ಲ.

ವರ್ತೂರಿನ ಅವಳ ಜಾಗದಲ್ಲಿ ಮೂರಂತಸ್ತಿನ ಬಾಡಿಗೆ ಮನೆಗಳೆದ್ದು, ಹಿತ್ತಲು ಕಿರಿದಾಗಿದೆ. ಅಲ್ಲೇ ಕೋಳಿಗಳ ಜೊತೆ ಒಂದು ಜೋಡಿ ಬಾತುಗಳಿದ್ದವು. ಅತ್ತೆಯ ಕಾಲದಿಂದ ಬಂದ ತಳಿ. ಆಗೆಲ್ಲ ಅವು ಕೆರೆಗೆ ಹೋಗಿ ಬಸವನಹುಳು ತಿಂದು, ಸಂಜೆ ತಾವೇ ಮನೆ ಸೇರುತ್ತಿದ್ದವು. ಕೊಳಚೆ ಸೇರಿ ಕೆರೆಯಲ್ಲಿ ನೊರೆ ಏಳತೊಡಗಿದ ಮೇಲೆ ಸಿಮೆಂಟ್ ತೊಟ್ಟಿಯೇ ಅವುಗಳ ಕೆರೆಯಾಯಿತು. ಒಂದು ಬುಧವಾರ ಬೀದಿನಾಯಿಗಳು ನುಗ್ಗಿ ಎರಡನ್ನೂ ಕೊಂದವು. ಉಳಿದದ್ದು ಐದು ಮೊಟ್ಟೆ. ಅವು ಮರಿಯಾಗದಿದ್ದರೆ ಅತ್ತೆಯ ಬಾತುಗಳು ಅಲ್ಲಿಗೆ ಮುಗಿದಂತೆ.

ಅದೇ ಹೊತ್ತಿಗೆ ಕರಿಕೋಳಿ ಕಾವಿಗೆ ಬಂದಿತ್ತು. ಮರುದಿನ ಗುರುವಾರ, ಒಳ್ಳೆಯ ದಿನ. ಅದು ಕಳೆದರೆ ಅಮಾವಾಸ್ಯೆ. ಮೊಟ್ಟೆಗಳು ಬೆಸವಾಗಿಯೇ ಇರಬೇಕೆಂಬುದು ಮನೆಯ ಪದ್ಧತಿ. ಆರು ಕೋಳಿಮೊಟ್ಟೆಗೆ ಈ ಐದನ್ನು ಸೇರಿಸಿ, ಹನ್ನೊಂದನ್ನೂ ಮಂಕರಿಯ ಹುಲ್ಲಿನ ಮೇಲಿಟ್ಟು, ಮುನೇಶ್ವರನಿಗೆ ಕೈಮುಗಿದು ಕೋಳಿಯನ್ನು ಕೂರಿಸಿದಳು.

ತಪ್ಪು ಹೊಳೆದದ್ದು ಇಪ್ಪತ್ತೊಂದನೆಯ ದಿನ, ಕೋಳಿಮರಿಗಳು ಚಿಪ್ಪೊಡೆದು ಕೂಗತೊಡಗಿದಾಗ. ಬಾತುಮೊಟ್ಟೆಗೆ ಇಪ್ಪತ್ತೆಂಟು ದಿನ ಬೇಕು. ಕೋಳಿ ತನ್ನ ಮರಿಗಳನ್ನು ಕರೆದುಕೊಂಡು ಎದ್ದುಬಿಟ್ಟರೆ ಐದೂ ಮೊಟ್ಟೆ ತಣ್ಣಗಾಗಿ ಕೆಡುತ್ತವೆ. ಗೊತ್ತಿಲ್ಲದ ವಿಷಯವೇನಲ್ಲ. ಒಳ್ಳೆಯ ದಿನ ನೋಡುವ ಭರದಲ್ಲಿ ಮರೆತಿದ್ದಳು.

ಒಂದೊಂದಾಗಿ ಮರಿಗಳನ್ನು ತೆಗೆದು, ತಾಯಿಗೆ ಕೂಗು ಕೇಳದಂತೆ ಅಡುಗೆಮನೆಯಲ್ಲಿ ಬಲ್ಬಿನ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟಳು. ಬಾಡಿಗೆ ಮನೆಯ ಲಾವಣ್ಯ ಅದನ್ನು ನೋಡಿದಳು.

“ಪಾಪ ಅಜ್ಜಿ, ಅಮ್ಮನಿಂದ ಬೇರೆ ಮಾಡ್ತಿದ್ದೀರಲ್ಲ. ಹಸಿವಾಗಲ್ವಾ ಅವಕ್ಕೆ?”

“ಮೊಟ್ಟೆ ಒಳಗಿನ ಅಳದಿ ಇನ್ನೂ ಒಟ್ಟೇಲೈತೆ ಕಣವ್ವ. ಎಲ್ಡು ದಿನ ಅದ್ರಲ್ಲೇ ಇರ್ತವೆ. ಆಮೇಲೆ ನುಚ್ಚು ಆಕ್ತೀನಿ. ಬಾತುಮೊಟ್ಟೆ ಒಡೆಯಾಕೆ ಇನ್ನೂ ಏಳು ದಿನ ಐತೆ, ಅಲ್ಲೀಗಂಟ ಕೋಳಿ ಏಳಬಾರ್ದು.”

“ಎರಡೂ ಹಕ್ಕಿನೇ ಅಲ್ವಾ, ಬಾತಿಗ್ಯಾಕೆ ಜಾಸ್ತಿ ದಿನ?”

“ರೆಕ್ಕೆ ನೋಡಿ ಒಂದೇ ಅನ್ಬೇಡ, ಕಾಲು ನೋಡು. ಇದು ನೆಲ ಕೆದರೋದು, ಅದು ಈಜೋದು. ಅದ್ರ ದಿನ ಅದಕ್ಕೆ.”

“ಅಂತೂ ಕೋಳಿಗೆ ಓವರ್‌ಟೈಮ್ ಅನ್ನಿ.”

“ನಿಮ್ಮ ಕಂಪ್ನೀಲಿ ಮಾಡ್ಸಲ್ವಾ? ಅಂಗೇ.”

ಲಾವಣ್ಯ ನಕ್ಕಳು. ಚಿಕ್ಕಮುನಿಯಮ್ಮನಿಗೆ ನಗು ಬರಲಿಲ್ಲ.

ಏಳು ದಿನವೂ ಬೆಳಗಿನ ರಾಗಿಯ ಹೊತ್ತಿಗೆ ಕೋಳಿಯನ್ನು ಎತ್ತಿ ತಿನ್ನಿಸಿ, ನೀರು ಕುಡಿಸಿ ಮತ್ತೆ ಕೂರಿಸಿದಳು. ತಾಯಿಬಾತು ಒದ್ದೆ ಹೊಟ್ಟೆಯಲ್ಲೇ ಬಂದು ಕಾವು ಕೂರುತ್ತಿದ್ದುದು ನೆನಪಾಗಿ, ಮೊಟ್ಟೆಗಳ ಮೇಲೆ ಉಗುರುಬೆಚ್ಚಗಿನ ನೀರು ಚಿಮುಕಿಸಿದಳು. ಕೋಳಿಯ ಜುಟ್ಟಿನ ಕೆಂಪು ಮಾಸಿತು. ಐದನೆಯ ದಿನ ಎತ್ತುವಾಗ ಎದೆಮೂಳೆ ಕೈಗೆ ಚುಚ್ಚಿತು. ನನ್ನ ತಪ್ಪನ್ನು ಈ ಮೂಕಪ್ರಾಣಿ ಹೊರುತ್ತಿದೆಯಲ್ಲ ಎಂದು ಅವಳು ಬಹಳ ಹೊತ್ತು ಮಂಕರಿಯ ಪಕ್ಕದಲ್ಲೇ ಕೂತಳು.

ಇಪ್ಪತ್ತೆಂಟನೆಯ ದಿನ ಮೂರು ಮೊಟ್ಟೆ ಒಡೆದವು. ಎರಡು ಒಡೆಯಲಿಲ್ಲ. ಹೊರಬಂದ ಮರಿಗಳಿಗೆ ಚಪ್ಪಟೆ ಕೊಕ್ಕು, ಬೆರಳುಗಳ ನಡುವೆ ತೆಳುಚರ್ಮ. ಕೋಳಿ ಕತ್ತು ಓರೆ ಮಾಡಿ ನೋಡಿತು, ಆಮೇಲೆ ಮೂರನ್ನೂ ರೆಕ್ಕೆಯಡಿಗೆ ಸೇರಿಸಿಕೊಂಡಿತು. ಮುಸ್ಸಂಜೆ ಪೆಟ್ಟಿಗೆಯ ಆರು ಮರಿಗಳನ್ನೂ ಅವಳು ಅಲ್ಲಿಗೇ ತಳ್ಳಿದಳು. ಕೋಳಿ ಬೇಡವೆನ್ನಲಿಲ್ಲ.

ಮರುದಿನ ಲಾವಣ್ಯ ಮರಿಗಳನ್ನು ನೋಡಲು ಬಂದಳು. “ಅಜ್ಜಿ, ಮುಂದಿನ ಸಲಕ್ಕೆ ಮೊಟ್ಟೆಗೆ ಕಾವು ಕೊಡೋ ಮೆಷಿನ್ ತರಿಸ್ಕೊಡ್ತೀನಿ. ನನ್ನ ಕಡೆಯಿಂದ. ಕೋಳಿ ಹೀಗೆ ಸೊರಗೋದು ತಪ್ಪುತ್ತೆ.”

ಚಿಕ್ಕಮುನಿಯಮ್ಮ ಕೋಳಿಯ ಮುಂದೆ ಇನ್ನೊಂದು ಹಿಡಿ ರಾಗಿ ಸುರಿದಳು.

“ಅದು ಸೊರಗಿದ್ದು ನನ್ ಮರೆವಿಗೆ ಕಣವ್ವ. ಮುಂದಿನ್ ಸಲ ಒಳ್ಳೆ ದಿನ ಇಲ್ದಿದ್ರೂ ಸರಿ, ಬಾತುಮೊಟ್ಟೆ ಏಳು ದಿನ ಮುಂಚೆ ಇನ್ನೊಂದು ಕೋಳಿಗೆ ಇಟ್ಟು, ಆಮೇಲೆ ಇದಕ್ಕೆ ಸೇರಿಸ್ತೀನಿ. ಮೆಷಿನ್ ಬ್ಯಾಡ.”