ಪೂಜೆಗೆ ಕೊಡದ ಪಿಸ್ತೂಲು

ನನ್ನ ಹತ್ತಿರ ಒಂದು ಪಿಸ್ತೂಲಿತ್ತು ಎಂದರೆ ನೆಂಟರು ಈಗಲೂ ನಗುತ್ತಾರೆ. ನಗಲಿ. ಮೈಸೂರಿನಲ್ಲಿ ಹಲ್ಲಿ ಕಂಡರೆ ಕುರ್ಚಿ ಹತ್ತುತ್ತಿದ್ದವಳು ನಾನು. ಮೊದಮೊದಲು ನನಗೂ ನಗುವೇ ಬರುತ್ತಿತ್ತು.

ಆಗ ನಾವು ಅಮೆರಿಕದಲ್ಲಿ, ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿದ್ದೆವು. ಗಂಡ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್, ನಾನು ಡೆಟ್ರಾಯಿಟ್‌ನ ಒಂದು ಸಣ್ಣ ಔಷಧದ ಅಂಗಡಿಯಲ್ಲಿ ಫಾರ್ಮಸಿಸ್ಟ್. ಒಂದು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಒಬ್ಬ ಒಳಗೆ ನುಗ್ಗಿ, ನನ್ನ ಕುತ್ತಿಗೆಗೆ ಗನ್ ಒತ್ತಿ, ನೋವಿನ ಮಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬಿಸಿಕೊಂಡು ಹೋದ. ನನಗೆ ಗಾಯವೇನೂ ಆಗಲಿಲ್ಲ. ಆದರೆ ಆಮೇಲೆ ಯಾರಾದರೂ ಬಾಗಿಲು ತೆರೆದರೆ ಸಾಕು, ಕೈಯಲ್ಲಿದ್ದ ಮಾತ್ರೆಗಳು ನೆಲಕ್ಕೆ ಚೆಲ್ಲುತ್ತಿದ್ದವು.

ಎಲ್ಲರ ಹತ್ತಿರವೂ ಒಂದೇ ಮದ್ದು: ಕೆಲಸ ಬಿಡು. ಸುತ್ತಮುತ್ತಲ ಕನ್ನಡದ ಮನೆಗಳಿಗೆಲ್ಲ ಹಿರಿಯರಂತಿದ್ದ ಒಬ್ಬ ಅಂಕಲ್ ನಮ್ಮಲ್ಲಿಗೆ ಊಟಕ್ಕೆ ಬಂದು, "ಮನೇಲಿ ಹಾಯಾಗಿರಮ್ಮ, ನಮ್ಮೋರ ಮಕ್ಕಳಿಗೆ ನಾಲ್ಕು ಶ್ಲೋಕ ಹೇಳಿಕೊಡು" ಎಂದರು. ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ. ಮೈಯೆಲ್ಲ ಉರಿಯುತ್ತಿತ್ತು. ಕಲಿತ ಕೆಲಸವನ್ನು ಕಳ್ಳನಿಗೆ ಹೆದರಿ ಬಿಟ್ಟರೆ, ಅವನು ಮಾತ್ರೆಯ ಜೊತೆಗೆ ನನ್ನನ್ನೂ ಕದ್ದುಕೊಂಡು ಹೋದ ಹಾಗಲ್ಲವೇ?

ನಮ್ಮ ಮಿಷಿಗನ್ ರಾಜ್ಯದಲ್ಲಿ ಆಗಷ್ಟೇ ಕಾನೂನು ಬದಲಾಗಿತ್ತು. ತರಬೇತಿ ಪಡೆದು ಬೆರಳಚ್ಚು ಕೊಟ್ಟರೆ, ಬಟ್ಟೆಯೊಳಗೆ ಪಿಸ್ತೂಲಿಟ್ಟುಕೊಂಡು ಓಡಾಡುವ ಲೈಸೆನ್ಸ್ ನಮ್ಮಂಥವರಿಗೂ ಸಿಗುತ್ತಿತ್ತು. ನಾನು ಅಪ್ಲೈ ಮಾಡಿದೆ. ಅಂಗಡಿಯ ಯಜಮಾನರೂ ಒಪ್ಪಿದರು. ಗಂಡ ಬಹಳ ದಿನ ಗೊಣಗಿ ಕೊನೆಗೊಂದು ಷರತ್ತು ಹಾಕಿದರು. "ಲೈಸೆನ್ಸ್ ಇರೋ ತನಕ ಹೋಗು. ಅದು ಹೋಯ್ತು ಅಂದ್ರೆ ಕೆಲಸಾನೂ ಹೋಯ್ತು. ಬರಿಗೈಲಿ ನಿನ್ನ ಅಲ್ಲಿಗೆ ಕಳಿಸಲ್ಲ. ನಿನ್ನ ಜೀವದ ಚಿಂತೆ ನನಗೆ."

ನನಗೆ ಆ ಕೊನೆಯ ಮಾತು ಇಷ್ಟವಾಗಿತ್ತು. ಒಪ್ಪಿಕೊಂಡೆ.

ತರಗತಿಯಲ್ಲಿ ಗುಂಡು ಹೊಡೆಯುವುದಕ್ಕಿಂತ ಹೆಚ್ಚಾಗಿ, ಎಲ್ಲೆಲ್ಲಿಗೆ ಒಯ್ಯಬಾರದು ಎನ್ನುವುದನ್ನೇ ಅರೆದು ಕುಡಿಸಿದರು. ಶಾಲೆ, ಆಸ್ಪತ್ರೆ, ಕಾಲೇಜಿನ ಕ್ಲಾಸ್‌ರೂಮು, ಹೆಂಡವೇ ಮುಖ್ಯ ವ್ಯಾಪಾರವಾಗಿರುವ ಬಾರು, ದೊಡ್ಡ ಕ್ರೀಡಾಂಗಣ: ಇವುಗಳ ಒಳಗೆ ಕೂಡದು. ದೇವಸ್ಥಾನಕ್ಕೆ, ಅಲ್ಲಿನ ಮುಖ್ಯಸ್ಥರು ಒಪ್ಪಿದರೆ ಮಾತ್ರ. ಪಕ್ಕದೂರು ಟ್ರಾಯ್‌ನ ದೇವಸ್ಥಾನದಲ್ಲಿ ನಾನು ಕೇಳಲೂ ಹೋಗಲಿಲ್ಲ, ಮನೆಯಲ್ಲೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಹೋಗುತ್ತಿದ್ದೆ. ಅದರ ಕೀ ಇಬ್ಬರ ಹತ್ತಿರವೂ ಇತ್ತು. ಷಿಕಾಗೋ ಪಕ್ಕದ ಲಿಸ್ಲ್‌ನಲ್ಲಿದ್ದ ತಂಗಿಯ ಮನೆಗೆ ಹೊರಟಾಗಲೂ ಅಷ್ಟೆ. ಇಲಿನಾಯ್ ರಾಜ್ಯದ ಗಡಿ ದಾಟಿದರೆ ನನ್ನ ಲೈಸೆನ್ಸಿಗೆ ಮೂರು ಕಾಸಿನ ಕಿಮ್ಮತ್ತಿಲ್ಲ. "ಒಂದೇ ದೇಶ ತಾನೇ?" ಎಂದು ಗಂಡ ಪ್ರತಿ ಸಲ ಕೇಳುತ್ತಿದ್ದರು. ಈ ಕಾನೂನುಗಳೆಲ್ಲ ಅವರಿಗೆ ನನ್ನ ಮಡಿ ಮೈಲಿಗೆಯ ಹೊಸ ಅವತಾರದಂತೆ ಕಾಣುತ್ತಿದ್ದವು.

ಆ ವರ್ಷ ಆಯುಧಪೂಜೆಯನ್ನು ಎಲ್ಲ ಮನೆಯವರೂ ಸೇರಿ ಒಂದು ಶನಿವಾರ, ಒಂದು ಸ್ಕೂಲಿನ ಕೆಫೆಟೇರಿಯಾ ಬಾಡಿಗೆಗೆ ಹಿಡಿದು ಮಾಡುವುದೆಂದಾಯಿತು. ಅಂಕಲ್ ಫೋನ್ ಮಾಡಿದರು. "ನಾವೆಲ್ಲ ಲ್ಯಾಪ್‌ಟಾಪು, ಸ್ಕ್ರೂಡ್ರೈವರ್ ಇಟ್ಟು ಆಯುಧ ಅಂತೀವಿ. ಈ ಸಲ ನಿಜವಾದ ಆಯುಧಾನೇ ಇದೆಯಲ್ಲಮ್ಮ! ದೇವಿ ಮುಂದೆ ಇಟ್ಟು ಒಂದು ಫೋಟೋ ತೆಗೆಯೋಣ."

"ಆಗಲ್ಲ ಅಂಕಲ್, ಅದು ಸ್ಕೂಲು" ಎಂದೆ. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಶನಿವಾರ ಸ್ಕೂಲಿನ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿ, ಗಂಡ ಹಿಂದಿನಿಂದ ಪುಳಿಯೋಗರೆಯ ಪಾತ್ರೆ ಇಳಿಸುತ್ತಿದ್ದರು. ಪೂಜೆಯ ಚೀಲ ನನ್ನ ಕಾಲ ಬಳಿಯಿತ್ತು. ಎತ್ತಿದೆ. ಎರಡು ತೆಂಗಿನಕಾಯಿ, ಒಂದಿಷ್ಟು ಹೂವು ಅಷ್ಟು ಭಾರ ಇರುವುದಿಲ್ಲ. ಬಿಚ್ಚಿ ನೋಡಿದರೆ ವೀಳ್ಯದೆಲೆಯ ಕೆಳಗೆ, ನನ್ನದೇ ಹಳದಿ ರವಿಕೆ ಕಣದಲ್ಲಿ ಸುತ್ತಿದ್ದ ನನ್ನ ಪಿಸ್ತೂಲು. ನಳಿಗೆಯ ಮೇಲೆ ಆಗಲೇ ಮೂರು ಬೆರಳು ವಿಭೂತಿ ಎಳೆದು ಕುಂಕುಮ ಇಟ್ಟಾಗಿತ್ತು.

"ಏನ್ರೀ ಇದು?"

"ಅಂಕಲ್ ಅಷ್ಟು ಕೇಳಿದ್ರಲ್ಲ. ಗುಂಡು ತೆಗೆದೇ ತಂದಿದೀನಿ. ಐದು ನಿಮಿಷ ಕಣೇ."

ಮನೆಯ ಮಿಕ್ಸಿ, ಮನೆಯ ಕಾರು, ಮನೆಯ ಪಿಸ್ತೂಲು. ಎಲ್ಲವೂ ಅವರಿಗೆ ಒಂದೇ. ಲೈಸೆನ್ಸ್ ಇಲ್ಲದ ಅವರು ಆ ಚೀಲ ಹಿಡಿದು ಒಳಗೆ ಹೋಗಿದ್ದರೆ ಅವರ ಕೈಗೆ ಕೋಳ. ನಾನು ಒಯ್ದಿದ್ದರೆ ನನ್ನ ಲೈಸೆನ್ಸಿಗೆ ಕುತ್ತು, ಅದರ ಹಿಂದೆಯೇ ನನ್ನ ಕೆಲಸಕ್ಕೆ. ಪಾರ್ಕಿಂಗ್ ಲಾಟಿನ ತನಕ ಕಾನೂನು ನನ್ನನ್ನು ಬಿಡುತ್ತಿತ್ತು, ಆ ಬಾಗಿಲಿನಾಚೆ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಅಂಕಲ್ ರೇಷ್ಮೆ ಪಂಚೆ ಎತ್ತಿಕೊಂಡು ಕಿಟಕಿಯ ಬಳಿ ಬಂದರು. ಹಿಂದೆ ಇನ್ನಷ್ಟು ಜನ. "ಬಂತಾ ದೇವಿ ಆಯುಧ?"

"ಒಳಗೆ ಬರಲ್ಲ ಅಂಕಲ್. ಕಾನೂನು ಬಿಡಲ್ಲ."

"ಇವತ್ತು ಶನಿವಾರ, ಮಕ್ಕಳೇ ಇಲ್ಲ. ಇದು ಎಲ್ಲಿಯ ಸ್ಕೂಲಮ್ಮ, ಬರೀ ಊಟದ ಹಾಲ್! ಮೈಸೂರಲ್ಲಿ ಅರಮನೆ ಕತ್ತಿಗೇ ಪೂಜೆ ಮಾಡ್ತಾರೆ, ನೀನು ಅಲ್ಲಿ ಹುಟ್ಟಿದವಳು."

"ಅರಮನೆಯವರು ಅವರ ಮನೇಲಿ ಮಾಡ್ತಾರೆ ಅಂಕಲ್. ನಾನೂ ನನ್ನ ಮನೇಲೇ ಮಾಡ್ತೀನಿ."

ಯಾರೋ ಕಿಸಕ್ಕನೆ ನಕ್ಕರು. ಅಂಕಲ್ ಮುಖ ಕೆಂಪಾಯಿತು. "ಇಷ್ಟು ಹೆದರೋಳು ಗನ್ ಯಾಕೆ ಇಟ್ಕೊಂಡಿದೀಯಮ್ಮ?" ಎಂದು ಗಂಡನ ಕಡೆ ತಿರುಗಿ, "ನೀನಾದ್ರೂ ಹೇಳಯ್ಯ" ಎಂದರು.

ಗಂಡ ನನ್ನ ಕಡೆ ಕೈ ಚಾಚಿದರು. "ಕೊಡೇ. ಎಲ್ಲರೂ ನೋಡ್ತಿದಾರೆ."

ನಾನು ಕೊಡಲಿಲ್ಲ. ಚೀಲ ಹಿಡಿದುಕೊಂಡೇ ಕೆಳಗಿಳಿದು, ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಕಡೆ ಬಂದು ಡ್ರೈವರ್ ಸೀಟಿನಲ್ಲಿ ಕೂತೆ. "ಬರ್ತೀರಾ, ಇರ್ತೀರಾ?" ಎಂದೆ. ಅವರು ಪುಳಿಯೋಗರೆ ಪಾತ್ರೆ ಹಿಡಿದು ನಿಂತೇ ಇದ್ದರು. ನಾನು ಹೊರಟೆ.

ದಾರಿಯಲ್ಲಿ ಅಳು ಬಂತು. ಜನರ ಮುಂದೆ ಆದದ್ದಕ್ಕಲ್ಲ. ನನ್ನ ಜೀವದ ಚಿಂತೆ ಎಂದಿದ್ದ ಮನುಷ್ಯ, ನನ್ನ ಜೀವಕ್ಕೆಂದು ಇದ್ದ ಒಂದೇ ಒಂದು ವಸ್ತುವನ್ನು ಒಂದು ಫೋಟೋಗೆ, ಒಂದು ಶಹಬ್ಬಾಸ್‌ಗೆ ಕೊಡಲು ಹೊರಟಿದ್ದರಲ್ಲ, ಅದಕ್ಕೆ. ಕೋಪ ಅಳುವಿಗಿಂತ ದೊಡ್ಡದಾಗಿತ್ತು. ಮನೆಗೆ ಹೋಗಿ ಎಣ್ಣೆ ಬಟ್ಟೆಯಿಂದ ಕುಂಕುಮ ಒರೆಸಿದೆ.

ಗಂಡ ಸಂಜೆ ಯಾರದೋ ಕಾರಿನಲ್ಲಿ ಬಂದರು. "ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದೆ" ಎಂದರು. "ನಿಮ್ಮನ್ನ ಜೈಲಿಂದ ಉಳಿಸಿದೆ" ಎಂದೆ.

ಸೋಮವಾರ ಬೆಳಗ್ಗೆ ಅವರು ಕಾಫಿ ಬೆರೆಸುತ್ತ, ನನ್ನ ಕಡೆ ನೋಡದೆ, "ಇವತ್ತು ಹೋಗ್ತೀಯಾ?" ಎಂದರು.

"ಲೈಸೆನ್ಸ್ ಇದೆ. ಹೋಗ್ತೀನಿ. ಪಿಸ್ತೂಲಿನ ಪೆಟ್ಟಿಗೆಗೆ ನಿನ್ನೆ ಹೊಸ ಬೀಗ ಹಾಕಿದೀನಿ. ಕೀ ನನ್ನ ಹತ್ರ ಮಾತ್ರ ಇರುತ್ತೆ."

ಅವರು ಚಮಚ ಕೆಳಗಿಟ್ಟರು. "ಅಂದ್ರೆ ನನ್ನ ಮೇಲೆ ನಂಬಿಕೆ ಇಲ್ಲ."

ಇಪ್ಪತ್ತು ವರ್ಷ ಮೈಸೂರಿನಲ್ಲಿ ಬೆಳೆದ ಹೆಂಗಸಿನ ಬಾಯಲ್ಲಿ ಆ ಪ್ರಶ್ನೆಗೆ ಸಿದ್ಧವಾಗಿರುವ ಉತ್ತರ ಒಂದೇ: ಛೆ, ಹಾಗಲ್ಲ ರೀ. ಅದು ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ಈ ವಿಷಯದಲ್ಲಿ ಇಲ್ಲ" ಎಂದೆ. ಕಾಫಿ ಕುಡಿದು ಅಂಗಡಿಗೆ ಹೋದೆ.