ಹರಿಹರದವರೆಗೆ ಸ್ವಾಮಿ

ಗೆಳೆಯರೇ, ಬಂಡೆ ಹತ್ತುವ ಹುಚ್ಚಿನಿಂದ ಇವತ್ತು ನನಗೆ ಸ್ವಾಮಿ ಪಟ್ಟ ಸಿಕ್ಕಿತು, ಅರ್ಧ ದಾರಿಯಲ್ಲೇ ಹೋಯಿತು.

ಬೆಳಗ್ಗೆಯಿಂದ ಬಂಡೆ ಹತ್ತಿ ದಣಿದು, ಮಲೆಬೆನ್ನೂರಿನಲ್ಲಿ ದಾವಣಗೆರೆ ಬಸ್ಸೇರಿದೆ. ಕೈ ಜಾರದಿರಲೆಂದು ಹಚ್ಚಿಕೊಳ್ಳುವ ಬಿಳಿ ಪುಡಿ, ಬೆವರು ಒರೆಸಿಕೊಂಡಾಗ ಹಣೆಗೂ ಮೆತ್ತಿತ್ತು. ನೋಡಿದ್ದೇ ತಡ, ಒಬ್ಬ ಅಜ್ಜಿ ಪಕ್ಕದಲ್ಲಿದ್ದ ಮಗನನ್ನು ಎಬ್ಬಿಸಿ, "ಬರ್ರಿ ಬುದ್ಧಿ, ಕೂಡ್ರಿ" ಎಂದರು. ಕಾಲು ನೋಯುತ್ತಿತ್ತು. ತೆಪ್ಪಗೆ ಕೂತೆ.

ಹರಿಹರದ ಹತ್ತಿರ ಅಜ್ಜಿ ಕೈಯೊಡ್ಡಿದರು. "ಒಂಚೂರು ವಿಭೂತಿ ಕೊಡ್ರಿ ಬುದ್ಧಿ, ಸೊಸೆಗೆ ಜ್ವರ ಬಿಟ್ಟಿಲ್ಲ."

ಅಲ್ಲಿಗೆ ನನ್ನ ಧೈರ್ಯ ಮುಗಿಯಿತು. "ಅಜ್ಜಿ, ಇದು ವಿಭೂತಿ ಅಲ್ಲ, ಬಂಡೆ ಹತ್ತೋ ಪುಡಿ. ಸೊಸೇನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ರಿ."

"ಬಂಡೆ ಮ್ಯಾಲೆ ಗುಡಿ ಐತಾ?"

"ಇಲ್ಲ."

"ಮತ್ತೇನೈತೆ?"

"ಏನೂ ಇಲ್ಲ. ಹತ್ತಿ ಇಳಿಯೋದು, ಅಷ್ಟೇ."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಏಳಪ್ಪ ಮ್ಯಾಲೆ. ನನ್ನ ಮಗ ದುಡಿದು ಬಂದಾನೆ, ಅವ ಕೂಡ್ಲಿ."

ಬಸ್ಸಿಗೆ ಬಸ್ಸೇ ನಕ್ಕಿತು. ದಾವಣಗೆರೆಯವರೆಗೆ ಕಂಬಿ ಹಿಡಿದು ಬಂದೆ. ಕೆಲವು ಸ್ವಾಮಿಗಳು ಯಾಕೆ ಮೌನವ್ರತ ಹಿಡಿಯುತ್ತಾರೆ ಎನ್ನುವುದು ನಿಂತ ಕಾಲಲ್ಲೇ ಅರ್ಥವಾಯಿತು.