ಬೆಸ ತಿಂಗಳ ಟಿಕೆಟ್ಟು

ವಿಮಾನ ನಿಲ್ಲಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ, ಈ ಮುದುಕಿಗೆ ಏನೂ ತಿಳಿಯದು, ಸುಮ್ಮನೆ ಬೈಯುತ್ತಾಳೆ ಅನ್ನಬಾರದು. ಸೊರಬದ ಕಡೆಯವರಿಗೆ ಕಾಯಿಲೆ ಬಂದಾಗ ದಾರಿ ಮುಚ್ಚುವುದು ಹೊಸದಲ್ಲ. ಕ್ಯಾಸನೂರಿನ ಕಾಡಿನಲ್ಲಿ ಮಂಗ ಸತ್ತು ಬಿದ್ದ ಸುದ್ದಿ ಬಂದರೆ ಮಂಗನ ಕಾಯಿಲೆಗೆ ಹೆದರಿ ನಾವು ಸೌದೆಗೆ, ಸೊಪ್ಪಿಗೆ ಹೋಗುವುದನ್ನು ನಿಲ್ಲಿಸುತ್ತಿದ್ದೆವು. ಆ ಕಡೆಯ ನೆಂಟರು ಮದುವೆಗೆ ಬಂದರೆ ಪಂಕ್ತಿಯಲ್ಲಿ ಪಕ್ಕ ಕೂರದೆ ಎದ್ದು ಹೋದವರನ್ನೂ ನೋಡಿದ್ದೇನೆ. ಆದರೆ ಕಾಡು ಮುಚ್ಚಿದ ದಿನಗಳಲ್ಲಿ ನೀನು ಯಾಕೆ ಸೌದೆ ತರಲಿಲ್ಲ ಎಂದು ಯಾರೂ ಹೆಂಗಸರ ಮೇಲೆ ತಪ್ಪು ಹೊರಿಸಲಿಲ್ಲ. ವಿಮಾನದವರು ಹೊರಿಸಿದರು.

ಸೂರತ್ತಿನಲ್ಲಿ ಪ್ಲೇಗು ಬಂದ ವರ್ಷ ಅದು. ನನ್ನ ಮಗಳು ಮಸ್ಕತ್ತಿನಲ್ಲಿದ್ದಳು, ಚೊಚ್ಚಲ ಬಸುರಿ. ಅಳಿಯ ಶಿಕಾರಿಪುರದವನು, ಅಲ್ಲಿ ಏಸಿ ರಿಪೇರಿ ಕೆಲಸದಲ್ಲಿದ್ದ. ಸಂಕ್ರಾಂತಿ ಕಳೆದ ಮೇಲೆ ಹೆಂಡತಿಯನ್ನು ಕರೆದುಕೊಂಡು ಹೋಗುವಾಗ ಹೋಗುವ ಬರುವ ಎರಡೂ ಟಿಕೆಟ್ಟನ್ನು ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರದ ಏಜೆಂಟನ ಕೈಲಿ ಮಾಡಿಸಿದ್ದ. ಬರುವ ಟಿಕೆಟ್ಟು ಶ್ರಾವಣದ್ದು. ಮದುವೆಯಾದ ಮೊದಲ ವರ್ಷ ಪಂಚಮಿಗೆ ಮಗಳು ತವರಿಗೆ ಬರಬೇಕಲ್ಲ, ಅದಕ್ಕೆ.

ಶ್ರಾವಣ ಬರುವ ಹೊತ್ತಿಗೆ ಅವಳಿಗೆ ಐದು ತುಂಬಿ ಆರು ನಡೆಯುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ನಾನು, ನಮ್ಮ ಯಜಮಾನರು ನಮ್ಮೂರು ಹೊಸಬಾಳೆಯಿಂದ ಸೊರಬಕ್ಕೆ ಬಂದು ಎಸ್ಟಿಡಿ ಬೂತಿನಿಂದ ಅವಳಿಗೆ ಫೋನು ಮಾಡುತ್ತಿದ್ದೆವು. ಶುಕ್ರವಾರ ಅಲ್ಲಿ ರಜೆ. ಪಂಚಮಿಗೆ ಮುಂಚೆ ಅಂಥ ಒಂದು ಶುಕ್ರವಾರ ಅವಳು ಖುಷಿಯಲ್ಲಿದ್ದಳು.

"ಅವ್ವಾ, ಬಟ್ಟೆ ಎಲ್ಲ ತುಂಬಿ ಇಟ್ಟಿದೀನಿ. ಪಂಚಮಿಗೆ ಅಲ್ಲಿರ್ತೀನಿ."

"ಈಗ ಬೇಡ," ಅಂದೆ.

ನಮ್ಮಲ್ಲಿ ಬಸುರಿಯನ್ನು ಕರೆತರುವುದು ಬೆಸ ತಿಂಗಳಲ್ಲಿ. ಐದರಲ್ಲಿ, ಇಲ್ಲ ಏಳರಲ್ಲಿ. ಆರರಲ್ಲಿ, ಎಂಟರಲ್ಲಿ ಹೊಳೆ ದಾಟಿಸುವುದಿಲ್ಲ. ನನ್ನ ಅವ್ವ ಹಾಗೆ ಮಾಡಿದ್ದಳು, ನನ್ನ ಅತ್ತೆ ಹಾಗೆ ಮಾಡಿದ್ದರು. ಹೊಳೆಯನ್ನೇ ದಾಟಿಸದವರು ಸಮುದ್ರ ದಾಟಿಸುತ್ತಾರಾ? ಏಳಕ್ಕೆ ಬೀಳಲಿ, ಆಮೇಲೆ ಬಾ, ಮಡಿಲು ತುಂಬುವುದನ್ನೂ ಇಲ್ಲೇ ಮಾಡುತ್ತೇನೆ ಅಂದೆ. "ಡಾಕ್ಟರು ಈಗ ಹೋದ್ರೆ ಒಳ್ಳೇದು ಅಂದಾರೆ ಅವ್ವಾ," ಅಂದಳು. "ಡಾಕ್ಟರಿಗೆ ಏನು ಗೊತ್ತು, ಅವ್ರೇನು ಹೆತ್ತಾರ?" ಅಂದೆ. ಅವಳ ಡಾಕ್ಟರು ಹೆಂಗಸು, ಮೂರು ಮಕ್ಕಳನ್ನು ಹೆತ್ತವಳು ಎಂದು ಆಮೇಲೆ ತಿಳಿಯಿತು.

ಏಜೆಂಟನಿಗೆ ಬೆಸ ತಿಂಗಳ ಲೆಕ್ಕ ಹೇಳಿ ತಾರೀಖು ಬದಲಿಸಿದೆವು. ಸೆಪ್ಟೆಂಬರ್ ಕೊನೆಯ ವಾರಕ್ಕೆ ಸೀಟು ಕೊಟ್ಟ. "ಒಂದ್ಸಲ ಬದ್ಲು ಮಾಡಾಕ್ ಅಡ್ಡಿಯಿಲ್ರಿ. ಎರಡನೇ ಸಲ ಬರಬ್ಯಾಡ್ರಿ," ಅಂದ. ಎರಡನೇ ಸಲ ಯಾಕೆ ಬರುತ್ತೇವೆ ಎಂದುಕೊಂಡು ಬಂದೆವು.

ಆ ವಾರ ಬರುವುದಕ್ಕೆ ಮುಂಚೆ ರೇಡಿಯೋದಲ್ಲಿ ಪ್ಲೇಗು ಬಂತು. ನನ್ನ ಅವ್ವ ಸಣ್ಣವಳಿದ್ದಾಗ ಪ್ಲೇಗು ಬಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರಂತೆ. ಎರಡು ದಿನ ಕಳೆಯುವುದರೊಳಗೆ ಗಲ್ಫಿನವರು ಇಂಡಿಯಾದ ವಿಮಾನ ಬೇಡ ಅಂದರು. ಇತ್ತ ಕಡೆಯಿಂದ ಹೋಗುವುದೂ ನಿಂತಿತು, ಅತ್ತ ಕಡೆಯಿಂದ ಬರುವುದೂ ನಿಂತಿತು.

ನಾನು ಶಿಕಾರಿಪುರಕ್ಕೆ ಹೋದೆ. ಯಜಮಾನರು ಜೊತೆಗೆ ಬಂದರು, ಆದರೆ ಅವರು ಎಲ್ಲಿಗೆ ಬಂದರೂ ಬಾಗಿಲ ಹತ್ತಿರ ನಿಲ್ಲುವವರು. ಏಜೆಂಟನ ಅಂಗಡಿಯಲ್ಲಿ ಜನ ತುಂಬಿದ್ದರು. ಗೋಡೆಯ ಮೇಲೆ ವಿಮಾನದ ದೊಡ್ಡ ಚಿತ್ರ, ಅದರ ಕೆಳಗೆ ಕೆಲಸಕ್ಕೆ ಹೋಗಬೇಕಾದ ಹುಡುಗರು ತಲೆ ತಗ್ಗಿಸಿ ಕೂತಿದ್ದರು.

"ಸೂರತ್ತೆಲ್ಲಿ, ಸೊರಬ ಎಲ್ಲಿ?" ಅಂದೆ. "ನಮ್ಮೂರಲ್ಲಿ ಒಂದು ಇಲಿಯೂ ಸತ್ತಿಲ್ಲ."

"ಅವ್ರಿಗೆ ಎಲ್ಲಾ ಇಂಡಿಯಾನೇ ಅಮ್ಮಾರೆ," ಅಂದ ಏಜೆಂಟ. "ನಿಮ್ಮ ಸೊರಬ ಅವ್ರ ಮ್ಯಾಪಿನಾಗ ಎಲ್ಲೈತಿ? ಸ್ವಲ್ಪ ದಿನ ತಡೀರಿ. ಬಿಟ್ಟ ಕೂಡ್ಲೇ ನಿಮ್ಮ ಮಗಳನ್ನ ಮೊದಲು ಹಾಕಸ್ತೀನಿ."

ತಡೆದೆ. ಬಾಣಂತನಕ್ಕೆ ಎಂದು ಮೆಣಸು, ಶುಂಠಿ, ಜೀರಿಗೆ ಎಲ್ಲ ಕುಟ್ಟಿ ಖಾರದ ಪುಡಿ ಮಾಡಿ ಡಬ್ಬಿಗೆ ತುಂಬಿದ್ದೆ. ಅಟ್ಟದ ಮೇಲಿದ್ದ ಬಾಣಂತಿ ಮಂಚ ಇಳಿಸಿ ಹಗ್ಗ ಬಿಗಿಸಿದ್ದೆ. ಅದನ್ನು ದಿನಾ ನೋಡಿಕೊಂಡು ತಿರುಗಾಡುವುದು ಒಂದು ಶಿಕ್ಷೆ. ಯಜಮಾನರು ಒಂದು ದಿನ ಅದರ ಮೇಲೆ ಮಲಗಿದ್ದರು. ಎಬ್ಬಿಸಿ ಬೈದೆ.

ವಾರಗಳು ಹೋದವು. ವಿಮಾನ ಬಿಟ್ಟರು ಎಂದು ಕೇಳಿದ ಮಾರನೆಯ ದಿನವೇ ಮತ್ತೆ ಶಿಕಾರಿಪುರದಲ್ಲಿದ್ದೆ. ಮೊದಲು ಹಾಕಿಸುತ್ತೇನೆ ಅಂದವನು ಈಗ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಬೇರೆ ಮಾತು ತೆಗೆದ. ನಿಂತ ವಿಮಾನಗಳ ಜನರೆಲ್ಲ ಸಾಲಿನಲ್ಲಿದ್ದಾರೆ, ಸೀಟು ಸಿಗುವುದು ನವೆಂಬರ್ ನಡುವಿಗೆ. ಸರಿ, ನವೆಂಬರಿಗೇ ಕೊಡು ಅಂದೆ.

"ಆವಾಗ ಎಷ್ಟು ತಿಂಗಳು ಆಗ್ತದ್ರಿ?"

"ಎಂಟು."

"ಎಂಟರಲ್ಲಿ ಕರ್ಕೊಂಡು ಬರಲ್ಲ ಅಂತಿದ್ರಿ?"

"ಎಂಟಾದ್ರೂ ಸರಿ, ಹದಿನೆಂಟಾದ್ರೂ ಸರಿ. ಮಗಳು ಬರಲಿ."

ಅವನು ನಗಲಿಲ್ಲ. ಡ್ರಾಯರಿನಿಂದ ಇಂಗ್ಲಿಷ್ ಕಾಗದ ತೆಗೆದು ಬೆರಳಿಟ್ಟು ಓದಿದ. ಮೂವತ್ತೆರಡು ವಾರ ದಾಟಿದ ಬಸುರಿಯರನ್ನು ಆ ಕಂಪನಿಯವರು ಹತ್ತಿಸುವುದಿಲ್ಲ. ನಾನು ನಾಲ್ಕನೇ ಕ್ಲಾಸಿನವರೆಗೆ ಹೋದವಳು, ವಾರದ ಲೆಕ್ಕದಲ್ಲಿ ಬಸಿರನ್ನು ಎಣಿಸಿದ್ದು ನನಗೆ ಗೊತ್ತಿಲ್ಲ. ಬೆರಳು ಮಡಚಿ ಎಣಿಸಿದೆ. ನವೆಂಬರ್ ನಡುವಿಗೆ ಮೂವತ್ತೈದು. ವಿಮಾನ ನಿಲ್ಲಿಸಿದ ದಿನಕ್ಕೆ ಇಪ್ಪತ್ತೆಂಟು.

"ನಿಲ್ಲಿಸಿದವರು ಯಾರು?" ಅಂದೆ.

"ಕಂಪನಿಯವ್ರು ಅಮ್ಮಾರೆ. ಸರ್ಕಾರ ಹೇಳ್ತು, ನಿಲ್ಲಿಸಿದ್ರು."

"ಅವ್ರು ನಿಲ್ಸಿದ ವಾರಗಳನ್ನ ನನ್ನ ಮಗಳ ಹೊಟ್ಟೆ ಮೇಲೆ ಯಾಕೆ ಹಾಕ್ತಾರೆ?"

"ರೂಲ್ಸ್ ಹಂಗೈತಿ."

"ಪ್ಲೇಗಿಗೆ ಅಂತ ಎಲ್ಲ ರೂಲ್ಸೂ ಬದಲಾಯ್ತಲ್ಲ. ಇದೊಂದು ಬದಲಾಗಲ್ವ?"

ಅವನು ಕಾಗದ ತಿರುಗಿಸಿದ. ಇನ್ನೊಂದು ಸಂಗತಿ ಹೇಳಿದ. ಈ ಟಿಕೆಟ್ಟು ಒಂದು ಸಲ ಬದಲಾಗಿದೆ. ಪಂಚಮಿಯ ತಾರೀಖು ಹಾಗೇ ಇದ್ದಿದ್ದರೆ ಆಗಲೇ ಬಂದು ಮನೆಯಲ್ಲಿರುತ್ತಿದ್ದಳು. "ಡೇಟ್ ಬದ್ಲು ಮಾಡ್ಸಿದ್ದು ನೀವೇ ಅಲ್ಲೇನ್ರಿ?" ಅಂದ. ಕೂತಿದ್ದವರೆಲ್ಲ ನನ್ನ ಮುಖ ನೋಡಿದರು. ಬಾಗಿಲ ಹತ್ತಿರ ಯಜಮಾನರು ರಸ್ತೆಯ ಕಡೆ ತಿರುಗಿಕೊಂಡರು.

ಅದು ನಿಜ, ಅದಕ್ಕೇ ನನಗೆ ಇನ್ನೂ ಹೆಚ್ಚು ಸಿಟ್ಟು ಬಂತು. ಸುಳ್ಳು ಹೇಳಿದ್ದರೆ ಒಂದು ಮಾತಲ್ಲಿ ಮುಗಿಸುತ್ತಿದ್ದೆ. ಆದರೂ ಬಿಡಲಿಲ್ಲ. ನಾನು ತಪ್ಪಿದ್ದು ಒಂದು ತಿಂಗಳು, ಅದನ್ನು ಒಪ್ಪುತ್ತೇನೆ, ಉಳಿದದ್ದು ಯಾರ ತಪ್ಪು ಅಂದೆ. ಅವನ ಹತ್ತಿರ ಅದಕ್ಕೆ ಕಾಗದ ಇರಲಿಲ್ಲ.

"ಹಂಗಾದ್ರೆ ಅವಳ ಸೀಟಿನಾಗೆ ನನ್ನ ಕಳ್ಸು," ಅಂದೆ. "ಅವಳು ಬರದಿದ್ರೆ ಬೇಡ. ಆ ಟಿಕೆಟ್ಟು ತಿರುಗ್ಸಿ ನನ್ನ ಹೆಸರು ಬರಿ. ನಾನು ಹೋಗಿ ಬಾಣಂತನ ಮಾಡಿ ಬರ್ತೀನಿ."

ಆಗ ಅವನಿಗೆ ನಗು ಬಂತು. ಕೆಟ್ಟ ನಗುವಲ್ಲ, ಆದರೂ ನಗು. ಬಸ್ಸಿನ ಸೀಟಿಗೆ ಟವಲ್ಲು ಹಾಕಿ ಹಿಡಿದು ಇನ್ನೊಬ್ಬರಿಗೆ ಬಿಟ್ಟುಕೊಡುವ ಹಾಗಲ್ಲ ಅಮ್ಮಾರೆ ಇದು, ಒಬ್ಬರ ಹೆಸರಿನ ಟಿಕೆಟ್ಟಿನಲ್ಲಿ ಇನ್ನೊಬ್ಬರು ಹೋಗುವಂತಿಲ್ಲ ಅಂದ. ಪಾಸ್‌ಪೋರ್ಟ್ ಇದೆಯಾ ಎಂದು ಕೇಳಿದ. ಇರಲಿಲ್ಲ. ಮಾಡಿಸಲು ಹುಟ್ಟಿದ ತಾರೀಖು ಬೇಕು. ನಾನು ಬಳ್ಳಿಗಾವಿಯಲ್ಲಿ ಹುಟ್ಟಿದ್ದು ಗೊತ್ತು, ಸುಗ್ಗಿಯಲ್ಲಿ ಹುಟ್ಟಿದ್ದು ಗೊತ್ತು, ತಾರೀಖು ಬರೆದಿಟ್ಟವರು ಯಾರು? ಮಾಡಿಸಿದರೂ ಮೂರು ತಿಂಗಳಂತೆ. ಖಾರದ ಪುಡಿಯನ್ನಾದರೂ ಯಾರ ಕೈಲಾದರೂ ಕಳಿಸು ಅಂದೆ. "ಇಂಡಿಯಾದಿಂದ ತಿನ್ನೋ ಸಾಮಾನು ಈಗ ಏನೂ ಬಿಡಲ್ರಿ," ಅಂದ.

ಕೊನೆಗೆ ಅವನು ದೊಡ್ಡ ಉಪಕಾರ ಮಾಡುವವನ ಹಾಗೆ, "ಬೇಕಾದ್ರೆ ಕ್ಯಾನ್ಸಲ್ ಮಾಡ್ರಿ. ಸ್ವಲ್ಪ ಮುರ್ಕೊಂಡು ದುಡ್ಡು ವಾಪಸ್ ಬರ್ತೈತಿ," ಅಂದ.

"ನಾನು ದುಡ್ಡು ಕೇಳಿದ್ನಾ?" ಅಂದೆ. "ಮಗಳನ್ನ ಕೇಳ್ತಿದೀನಿ."

ಎದ್ದು ಬಂದೆ. ಬಸ್ಸಿನಲ್ಲಿ ಯಜಮಾನರು, "ಅವನ ಕೈಯಲ್ಲಿ ಏನದೆ, ಪಾಪ," ಅಂದರು. ಅವನ ಕೈಯಲ್ಲಿ ಏನೂ ಇಲ್ಲ ಎಂದು ನನಗೂ ಗೊತ್ತಿತ್ತು. ಕೈಯಲ್ಲಿ ಏನಾದರೂ ಇದ್ದವರು ಎದುರಿಗೆ ಸಿಗುವುದಿಲ್ಲ. ಮುಂಬಯಿಯಲ್ಲೋ ಇನ್ನೆಲ್ಲೋ ಕೂತು ಕಾಗದ ಬರೆದವನು ನನ್ನ ಎದುರಿಗೆ ಬಂದು, ನಾನು ನಿಲ್ಲಿಸಿದೆ, ಅದಕ್ಕೆ ನಿನ್ನ ಮಗಳಿಗೆ ತಡವಾಯಿತು, ಆದ್ದರಿಂದ ನಿನ್ನ ಮಗಳು ಬರಬಾರದು ಎಂದು ಬಾಯಿಬಿಟ್ಟು ಹೇಳಲಿ ನೋಡೋಣ. ಹೇಳುವಾಗ ಅವನಿಗೇ ನಾಚಿಕೆಯಾಗುತ್ತದೆ. ಬರೆಯುವಾಗ ಆಗುವುದಿಲ್ಲ.

ಆ ಶುಕ್ರವಾರ ಮಗಳಿಗೆ ಹೇಳಿದೆ. ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

"ನಾನು ಆವತ್ತೇ ಬರ್ತೀನಿ ಅಂದಿದ್ದೆ ಅವ್ವಾ. ನೀನೇ ಬೇಡ ಅಂದಿ," ಅಂದಳು.

"ಹೂಂ, ಅಂದೆ."

"ಈಗ ಇಲ್ಲಿ ಯಾರು ಬರ್ತಾರೆ?"

ಅವಳ ಅತ್ತೆ ಮಂಡಿ ನೋವಿನವರು, ಅವರಿಗೂ ಪಾಸ್‌ಪೋರ್ಟ್ ಇಲ್ಲ. ಅಲ್ಲಿ ಮಗಳ ಪಕ್ಕದ ಮನೆಯಲ್ಲಿ ಒಬ್ಬಳು ಮಲಯಾಳಿ ನರ್ಸು ಇದ್ದಳು, ಒಳ್ಳೆಯವಳು, ಆದರೆ ಅವಳಿಗೆ ದಿನಾ ಡ್ಯೂಟಿ. ಫೋನು ಇಟ್ಟ ಮೇಲೆ ಬೂತಿನವನ ಮೇಲೆ ಸುಮ್ಮನೆ ರೇಗಿದೆ, ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ ಎಂದು.

ಡಿಸೆಂಬರಿನಲ್ಲಿ ಅಲ್ಲಿಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಮೂರನೇ ದಿನಕ್ಕೆ ಮನೆಗೆ ಕಳಿಸಿದರು. ಅಳಿಯ ಶಿಕಾರಿಪುರಕ್ಕೆ ಫೋನು ಮಾಡಿದ್ದ, ಅಲ್ಲಿಂದ ನಮಗೆ ಸುದ್ದಿ ಬಂತು. ಬೆಳಗಿನ ಮೊದಲ ಬಸ್ಸಿಗೇ ಇಬ್ಬರೂ ಸೊರಬಕ್ಕೆ ಹೋದೆವು.

ಮಗಳ ದನಿ ಬಾವಿಯ ಒಳಗಿಂದ ಬಂದ ಹಾಗಿತ್ತು. ಬೆನ್ನು ಎತ್ತಲು ಆಗುವುದಿಲ್ಲ ಅಂದಳು. ಎದೆ ಕಲ್ಲಾಗಿದೆ, ಮಗು ಹಿಡಿಯುವುದಿಲ್ಲ, ಚಳಿ ಬಂದ ಹಾಗಾಗುತ್ತದೆ ಅಂದಳು. ನರ್ಸು ಸಂಜೆ ಬಂದು ಔಷಧಿ ಕೊಡುತ್ತಾಳಂತೆ. ಸಂಜೆವರೆಗೆ?

"ಮೈಗೆ ನೀರು ಹಾಕಿದ್ರಾ?"

"ಇಲ್ಲ ಅವ್ವಾ. ಯಾರು ಹಾಕ್ತಾರೆ?"

ಬೂತಿನ ಹೊರಗೆ ನಾಲ್ಕೈದು ಗಂಡಸರು ಸಾಲಿನಲ್ಲಿ ನಿಂತಿದ್ದರು. ಬಾಗಿಲು ಮುಚ್ಚಿಕೊಳ್ಳುತ್ತಿರಲಿಲ್ಲ. ಲೈನಿನಲ್ಲಿ ಗೊರಗೊರ ಸದ್ದು, ಕೂಗಿದರೆ ಮಾತ್ರ ಕೇಳುತ್ತಿತ್ತು. ನಾನು ಕೂಗಿದೆ. ಬಿಸಿ ಬಟ್ಟೆ ಎದೆಯ ಮೇಲೆ ಹಾಕು, ಕಂಕುಳ ಕಡೆಯಿಂದ ಮೊಲೆಯ ತೊಟ್ಟಿನ ಕಡೆಗೆ ಮೆಲ್ಲಗೆ ಒತ್ತು, ಮೊದಲು ಸ್ವಲ್ಪ ಹಾಲು ಹಿಂಡಿ ತೆಗಿ, ಆಮೇಲೆ ಮಗು ಹಿಡಿಯುತ್ತದೆ. ಹೊರಗಿದ್ದ ಒಬ್ಬ ಹಿರಿಯ, "ಸ್ವಲ್ಪ ಮೆಲ್ಲಕೆ ಮಾತಾಡಮ್ಮ, ಗಂಡಸ್ರು ಇದಾರೆ," ಅಂದ.

"ನೀವು ಯಾವ ಹಾಲು ಕುಡ್ದು ಇಷ್ಟೆತ್ತರ ಆದ್ರಿ?" ಅಂದೆ. ಅವನು ಹೋಗಿ ಪಾನಂಗಡಿ ಹತ್ತಿರ ನಿಂತ.

ಇನ್ನು ನೀರಿನ ಮಾತು. ಬಾಣಂತಿ ತಾನೇ ಕೊಡ ಎತ್ತಿ ತಾನೇ ಹಾಕಿಕೊಳ್ಳುವಂತಿಲ್ಲ. ಅಳಿಯ ಆ ದಿನ ರಜೆ ಹಾಕಿ ಮನೆಯಲ್ಲಿದ್ದ. ನಮ್ಮಲ್ಲಿ ಅತ್ತೆ, ಅಳಿಯನ ಎದುರಿಗೆ ನಿಂತು ಮಾತಾಡುವುದೇ ಕಡಿಮೆ. ಮದುವೆಯಾದ ಮೇಲೆ ನಾನು ಅವನ ಹತ್ತಿರ ಊಟ ಆಯಿತಾ ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿದ್ದಿಲ್ಲ. ಬಾಣಂತಿಯ ಬಚ್ಚಲಿನ ಹತ್ತಿರ ಗಂಡಸು ಸುಳಿಯುವುದಂತೂ ನನ್ನ ತವರಲ್ಲೂ ಇಲ್ಲ, ಗಂಡನ ಮನೆಯಲ್ಲೂ ಇಲ್ಲ.

"ಫೋನು ಅವನ ಕೈಲಿ ಕೊಡು," ಅಂದೆ.

"ಅವ್ವಾ, ಅವ್ರಿಗೆ ನಾಚ್ಕೆ ಆಗ್ತದೆ."

"ನಾಚ್ಕೆ ವಿಮಾನದವ್ರಿಗೆ ಆಗ್ಲಿಲ್ಲ. ಕೊಡು."

ಅವನು ಬಂದ. ಮೊದಲು ಗಂಟಲು ಸರಿ ಮಾಡಿಕೊಂಡ. ನಾನು ಹೇಳುತ್ತಾ ಹೋದೆ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸು. ಮೊದಲು ಎಣ್ಣೆ ಬಿಸಿ ಮಾಡಿ ಬೆನ್ನಿಗೆ, ಸೊಂಟಕ್ಕೆ ತಿಕ್ಕು, ಮೆಲ್ಲಗೆ ಅಲ್ಲ, ಭಾರ ಹಾಕಿ ತಿಕ್ಕು. ಮುಂಗೈ ತಾಳುವಷ್ಟು ಬಿಸಿ ಇರಲಿ, ಅದಕ್ಕಿಂತ ಹೆಚ್ಚು ಬೇಡ. ಮಣೆ ಹಾಕಿ ಕೂರಿಸಿ ಚೆಂಬಿನಿಂದ ಸೊಂಟಕ್ಕೆ ಬೀಸಿ ಹೊಡಿ. ಹೊಟ್ಟೆಗೆ ಹೊಡೆಯಬೇಡ. ಆಮೇಲೆ ಹತ್ತಿ ಸೀರೆ ಮಡಚಿ ಹೊಟ್ಟೆಗೆ ಕಟ್ಟು.

"ಸ್ವಲ್ಪ ತಡೀರಿ ಅತ್ತೇರೆ, ಬರ್ಕೊತೀನಿ," ಅಂದ. ಪೆನ್ನು ಹುಡುಕುವ ಸದ್ದು ಕೇಳಿತು. ಮೀಟರಿನ ಕೆಂಪು ಅಂಕಿ ಓಡುತ್ತಿತ್ತು, ಯಜಮಾನರು ಅದನ್ನೇ ನೋಡುತ್ತಾ ನಿಂತಿದ್ದರು. ನಾನು ಆ ಕಡೆ ಬೆನ್ನು ಮಾಡಿದೆ.

"ಹೇಳ್ರಿ. ಸೊಂಟಕ್ಕೆ ಎಷ್ಟು ಚೆಂಬು?"

"ಎಣಿಸಬೇಡ. ಅವಳು ಸಾಕು ಅಂತಾಳೆ."

"ಸಾಕು ಅಂದ್ರೆ ನಿಲ್ಲಿಸ್ಲಾ?"

"ನಿಲ್ಲಿಸಬೇಡ. ಇನ್ನೂ ನಾಲ್ಕು ಹಾಕು," ಅಂದೆ.